ಕೊಡಗಿನ ಮಳೆಗೆ ಹಳೆ ಬಜೆಟ್ ಎಲೆಕ್ಟ್ರಿಕ್ ಗಿಟಾರೇ ಸರಿ: ಆರಿಸುವುದು, ಕಾಪಾಡುವುದು, ಹೊತ್ತು ಸಾಗಿಸುವುದು

ಜೂನ್ ಬಂತೆಂದರೆ ಮಡಿಕೇರಿ, ಮೂರ್ನಾಡು, ನಾಪೋಕ್ಲು ಕಡೆ ಗಿಟಾರ್ ನುಡಿಸುವ ಇಬ್ಬರು ಸೇರಿದಲ್ಲಿ ಎರಡೇ ಮಾತು. ಒಂದು, ತಂತಿ ತುಕ್ಕು ಹಿಡಿದ ಕಥೆ. ಇನ್ನೊಂದು, ಪ್ರಾಕ್ಟೀಸ್‌ಗೆ ಗಿಟಾರ್ ತರುವುದು ಹೇಗೆ ಅನ್ನುವ ಚಿಂತೆ. ರೈಲು ನಮ್ಮ ಜಿಲ್ಲೆಯಲ್ಲಿ ಇಲ್ಲ. ಬಸ್ಸು, ಬೈಕು, ಜೀಪು, ಇಷ್ಟೇ. ನಮ್ಮ ಬ್ಯಾಂಡಿನ ಬೇಸ್ ನುಡಿಸುವವರು ಸಂಪಾಜೆ ಕಡೆಯವರು, ಅವರದ್ದು ಪ್ರತಿ ಮಳೆಗಾಲ ಒಂದೇ ಪ್ರಶ್ನೆ: "ಅಲ್ಲ ಮಾರಾಯ, ಇಷ್ಟು ಮಳೆಗೆ ಒಳ್ಳೆ ಗಿಟಾರ್ ಹೊರಗೆ ತೆಗೆಯುವುದಾ, ಇಲ್ಲ ಮನೆಯಲ್ಲೇ ಇಡುವುದಾ?"

ನನ್ನ ಉತ್ತರ: ದುಬಾರಿಯದ್ದು ಮನೆಯಲ್ಲಿರಲಿ, ಹಳೆ ಬಜೆಟ್ ಗಿಟಾರ್ ಒಂದನ್ನು ಮಳೆಗಾಲಕ್ಕೇ ಅಂತ ತಯಾರು ಮಾಡಿ ಇಟ್ಟುಕೊಳ್ಳಿ. ಇದನ್ನು ಹೇಳುವುದಕ್ಕೆ ಕಾರಣ ಬೆಲೆ ಒಂದೇ ಅಲ್ಲ. ಈ ಗಿಟಾರುಗಳ ಬಾಡಿ ಹೆಚ್ಚಾಗಿ ಪ್ಲೈವುಡ್, ಬಾಸ್‌ವುಡ್ ಅಥವಾ ಅಗಾತಿಸ್ ಮರದ್ದು, ಮೇಲೆ ದಪ್ಪ ಪಾಲಿಯೆಸ್ಟರ್ ಪದರ. ಕೇಳುವವರಿಗೆ ಇದು ಕೀಳು ಅನಿಸಬಹುದು, ಆದರೆ ತೇವದ ಹವೆಗೆ ಇದು ತುಂಬಾ ಒಳ್ಳೆಯದು. ದುಬಾರಿ ಗಿಟಾರಿನ ತೆಳು ನೈಟ್ರೋ ಲ್ಯಾಕರ್ ಪದರಕ್ಕಿಂತ ಈ ದಪ್ಪ ಪದರ ತೇವವನ್ನು ಚೆನ್ನಾಗಿ ತಡೆಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಬಾಡಿಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕೆಡುವುದು ಲೋಹದ ಭಾಗ, ವಿದ್ಯುತ್ ಹರಿಯುವ ಜೋಡಣೆಗಳು, ಬಣ್ಣ ಬಳಿಯದ ಫ್ರೆಟ್‌ಬೋರ್ಡ್, ಅಂದರೆ ಬೆರಳು ಒತ್ತುವ ಪಟ್ಟಿ. ಇಡೀ ಮಾರ್ಗದರ್ಶಿ ಈ ಮೂರರ ಸುತ್ತಲೇ ಇದೆ, ಜೊತೆಗೆ ಬ್ಯಾಗಿನ ಜಿಪ್ಪು.

ಮೊದಲು ಗಿಟಾರ್ ಆರಿಸುವುದು

ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಹೆಸರುಗಳು ನಿಮಗೆ ಗೊತ್ತಿರುತ್ತವೆ. ಫೆಂಡರ್‌ನ ಕಡಿಮೆ ಬೆಲೆಯ ಸ್ಕ್ವಯರ್ ಇದೆ. 1982ರಲ್ಲಿ ಜಪಾನಿನಲ್ಲಿ ತಯಾರಾದ ಗಿಟಾರುಗಳ ಮೇಲೆ ಆ ಹೆಸರು ಬಂತು, ಆಮೇಲೆ ಕೊರಿಯಾ, ಚೀನಾ, ಇಂಡೋನೇಷ್ಯಾಗಳಲ್ಲೂ ತಯಾರಾಗತೊಡಗಿತು. 1990ರಲ್ಲಿ ಶುರುವಾದ ಯಮಹಾ ಪೆಸಿಫಿಕಾ ಸರಣಿ ಇದೆ, ಅದರಲ್ಲಿ 112 ಅನ್ನುವ ಮಾದರಿ ಸಿಕ್ಕರೆ ಬಿಡಬೇಡಿ. ಐಬನೇಜ್ ಜಿಯೋ, ಕೊರಿಯಾ ಮೂಲದ ಕಾರ್ಟ್, ಗಿಬ್ಸನ್ ಒಡೆತನದ ಎಪಿಫೋನ್, ನಮ್ಮ ಕೋಲ್ಕತ್ತಾದ ಗಿವ್ಸನ್ ಕೂಡ ಇವೆ. ಹೆಸರಿಗಿಂತ ನಿಮ್ಮ ಕೈಗೆ ಬರುವ ಆ ಒಂದು ಗಿಟಾರಿನ ಸ್ಥಿತಿ ಮುಖ್ಯ.

ನಮ್ಮ ಹವೆಗೆ ಅಂತ ನೋಡುವುದಾದರೆ ಮೂರು ವಿಷಯದಲ್ಲಿ ನನ್ನ ಆಯ್ಕೆ ಖಚಿತ. ಬ್ರಿಡ್ಜ್, ಅಂದರೆ ತಂತಿಗಳು ಕೂರುವ ಲೋಹದ ಭಾಗ, ಬಾಡಿಗೆ ಗಟ್ಟಿಯಾಗಿ ಕೂತಿರುವಂಥದ್ದು ಬೇಕು, ಹಿಡಿಯಿಂದ ಅಲ್ಲಾಡಿಸಿ ಸ್ವರ ಬಾಗಿಸುವ ಟ್ರೆಮೊಲೊ ಬೇಡ. ಹಿಂದಿನ ಸ್ಪ್ರಿಂಗು, ಮುಂದಿನ ಆರು ಸ್ಕ್ರೂ ಎಲ್ಲ ತುಕ್ಕಿಗೆ ಜಾಗ. ಟ್ರೆಮೊಲೊ ಇರುವುದೇ ಸಿಕ್ಕಿದರೆ ಹಿಂದಿನ ಗೂಡಿನಲ್ಲಿ ಸರಿಯಾದ ಅಳತೆಯ ಮರದ ತುಂಡು ಇಟ್ಟು ಅದು ಅಲ್ಲಾಡದ ಹಾಗೆ ಮಾಡಿಬಿಡಿ. ಎರಡನೆಯದು, ಮೇಪಲ್ ಫ್ರೆಟ್‌ಬೋರ್ಡ್ ಇದ್ದರೆ ಅದನ್ನೇ ತಗೊಳ್ಳಿ. ಮೇಪಲ್ ಮೇಲೆ ಸಾಮಾನ್ಯವಾಗಿ ಲ್ಯಾಕರ್ ಬಳಿದಿರುತ್ತಾರೆ, ರೋಸ್‌ವುಡ್ ಬರಿ ಮೈಯಲ್ಲಿ ಇರುತ್ತದೆ, ಹಾಗಾಗಿ ನೀರಾವಿ ಹೀರುತ್ತದೆ. ಮೂರನೆಯದು, ಬ್ರಿಡ್ಜ್ ಹತ್ತಿರ ತಂತಿಯ ಮಿಡಿತ ಹಿಡಿಯುವ ಪಿಕಪ್‌ಗಳಲ್ಲಿ ಒಂದಾದರೂ ಹಂಬಕರ್, ಅಂದರೆ ಜೋಡಿ ಸುರುಳಿಯದ್ದು, ಇರಲಿ. ಕಾರಣ ಮುಂದೆ ಹೇಳುತ್ತೇನೆ.

ಕೊಳ್ಳಲು ಹೋಗುವಾಗ ಜೇಬಿನಲ್ಲಿ ಒಂದು ಮಲ್ಟಿಮೀಟರ್, ಒಂದು ಟಾರ್ಚ್, ಗಿಟಾರ್ ಕೇಬಲ್ ಇರಲಿ. ಹೆಡ್‌ಸ್ಟಾಕ್ (ಶ್ರುತಿಯ ಕೀಲಿಗಳಿರುವ ತಲೆಭಾಗ) ಮತ್ತು ನೆಕ್ (ಉದ್ದನೆಯ ಕುತ್ತಿಗೆ) ಸೇರುವ ಜಾಗದ ಹಿಂಭಾಗಕ್ಕೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ, ಕೂದಲೆಳೆಯಷ್ಟು ಬಿರುಕಿದ್ದರೂ ಕಾಣುತ್ತದೆ. ಆಮೇಲೆ ಬಾಡಿ ತುದಿಯಿಂದ ನೆಕ್‌ನ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ. ಸ್ವಲ್ಪ ಬಾಗಿದ್ದರೆ ಸರಿಮಾಡಬಹುದು, ಹಗ್ಗದ ಹಾಗೆ ತಿರುಚಿದ್ದರೆ ಬಿಟ್ಟುಬಿಡಿ. ನೆಕ್ ಒಳಗೆ ಅದರ ಬಾಗನ್ನು ಹೊಂದಿಸುವ ಟ್ರಸ್ ರಾಡ್ ಎಂಬ ಕಂಬಿಯ ನಟ್ ತಿರುಗುತ್ತದಾ ಅಂತ ಮಾಲೀಕರನ್ನು ಕೇಳಿಕೊಂಡು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ ನೋಡಿ. ನಟ್‌ನ ಒಳಮೂಲೆ ಸವೆದು ಅಲೆನ್ ಕೀ ಜಾರುತ್ತಿದ್ದರೆ ಆ ಗಿಟಾರ್ ನಮ್ಮೂರಿಗೆ ಆಗುವುದಿಲ್ಲ. ಇಲ್ಲಿ ವರ್ಷಕ್ಕೆ ಎರಡು ಸಲವಾದರೂ ಅದನ್ನು ತಿರುಗಿಸಬೇಕಾಗುತ್ತದೆ.

ಪಿಕಪ್ ಪರೀಕ್ಷೆ ಸುಲಭ. ಕೇಬಲ್ ಗಿಟಾರಿಗೆ ಹಾಕಿ, ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲಿನ ಇನ್ನೊಂದು ತುದಿಯಲ್ಲಿ ಪ್ಲಗ್‌ನ ಮೂತಿಗೆ ಒಂದು, ಮೈಗೆ ಒಂದು ಮಲ್ಟಿಮೀಟರ್ ಕಡ್ಡಿ ಹಿಡಿಯಿರಿ. ಒಂದೇ ಸುರುಳಿಯ ಸಿಂಗಲ್ ಕಾಯಿಲ್‌ಗೆ ಸುಮಾರು 5ರಿಂದ 7 ಕಿಲೋ ಓಮ್, ಹಂಬಕರ್‌ಗೆ 7ರಿಂದ 15ರ ಆಸುಪಾಸು ಬರಬೇಕು. ನೂರಾರು ಕಿಲೋ ಓಮ್ ಅಥವಾ ಏನೂ ತೋರಿಸದೇ ಇದ್ದರೆ ಒಳಗೆ ತಂತಿ ಕಡಿದಿದೆ ಅಂತ ಅರ್ಥ. ಬರೀ ವೈರ್ ಬೆಸುಗೆ ಬಿಟ್ಟಿದ್ದರೆ ಪರವಾಗಿಲ್ಲ, ಪಿಕಪ್ ಒಳಗಿನ ಸುರುಳಿಯೇ ತುಕ್ಕು ಹಿಡಿದು ಕಡಿದಿದ್ದರೆ ಬದಲಿಸಲೇಬೇಕು, ಬೆಲೆಯಲ್ಲಿ ಅಷ್ಟು ಇಳಿಸಿ ಕೇಳಿ. ಕೊನೆಗೆ ಹಿಂದಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ ಒಳಗೆ ನೋಡಿ. ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಗಿಟಾರಾದರೆ ಇರುವೆ ಗೂಡು, ಬೂಷ್ಟು, ಮರ ಕೊರೆಯುವ ಹುಳುವಿನ ನುಣ್ಣನೆ ಹಿಟ್ಟು ಸಿಗಬಹುದು. ಬೂಷ್ಟು ಒರೆಸಿದರೆ ಹೋಗುತ್ತದೆ. ಹುಳುವಿನ ಹಿಟ್ಟು ಕಂಡರೆ ಮಾತ್ರ ಅದನ್ನು ಮನೆಗೆ ತರಬೇಡಿ, ಮನೆಯ ಕಿಟಕಿ ಬಾಗಿಲಿಗೂ ಹುಳು ಹತ್ತಬಹುದು.

ಮಳೆ ಹಿಡಿಯುವ ಮೊದಲೇ ಜ್ಯಾಕ್ ಬಿಚ್ಚಿ

ಮಳೆಗಾಲದಲ್ಲಿ ಕೈಕೊಡುವ ಭಾಗಗಳಲ್ಲಿ ಮೊದಲನೆಯದು ಕೇಬಲ್ ಸಿಕ್ಕಿಸುವ ಜ್ಯಾಕ್. ಕರ್‌ಕರ್ ಸದ್ದು, ಕೇಬಲ್ ಅಲ್ಲಾಡಿಸಿದರೆ ಸದ್ದು ಬರುವುದು ಹೋಗುವುದು, ಎಲ್ಲ ಇಲ್ಲಿಂದಲೇ. ಜನ ಪಿಕಪ್ ಬದಲಿಸಲು ಹೊರಡುತ್ತಾರೆ, ಅಷ್ಟು ದೂರ ಹೋಗುವುದು ಬೇಡ.

ಎರಡು ಸ್ಕ್ರೂ ಬಿಚ್ಚಿ ಜ್ಯಾಕ್‌ನ ಪ್ಲೇಟ್ ಎತ್ತಿ. ಕೆಳಗೆ ಎರಡು ವೈರ್ ನೇತಾಡುತ್ತಿರುತ್ತವೆ, ಎಳೆಯಬೇಡಿ. ಜ್ಯಾಕ್‌ನಲ್ಲಿ ಒಂದು ದುಂಡನೆಯ ತೋಳು, ಒಂದು ಬಾಗಿದ ಲೋಹದ ನಾಲಿಗೆ ಕಾಣುತ್ತದೆ. ಆ ನಾಲಿಗೆಯ ತುದಿಯೇ ಪ್ಲಗ್‌ನ ಮೂತಿಯನ್ನು ಒತ್ತಿ ಹಿಡಿಯುವುದು. ಅದರ ಒಳಮೈ ಕಪ್ಪಾಗಿದ್ದರೆ ಹತ್ತಿ ಸುತ್ತಿದ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಉಜ್ಜಿ, ಹತ್ತಿಯಲ್ಲಿ ಕಪ್ಪು ಬರುವುದು ನಿಲ್ಲುವವರೆಗೆ. ಆಮೇಲೆ ನಾಲಿಗೆಯನ್ನು ಬೆರಳಿನಿಂದ ಒಂದಿಷ್ಟೇ ಒಳಕ್ಕೆ ಬಾಗಿಸಿ, ಕೇಬಲ್ ಹಾಕಿದಾಗ ಗಟ್ಟಿಯಾಗಿ ಟಕ್ ಅಂತ ಕೂರಬೇಕು. ನಟ್ ಬಿಗಿ ಮಾಡುವಾಗ ಒಳಗಿನಿಂದ ಜ್ಯಾಕನ್ನು ಬೆರಳಲ್ಲಿ ಹಿಡಿದುಕೊಂಡೇ ಬಿಗಿ ಮಾಡಿ. ಇಲ್ಲದಿದ್ದರೆ ಜ್ಯಾಕ್ ಪೂರ್ತಿ ತಿರುಗಿ ವೈರ್ ತಿರುಚಿ ಬೆಸುಗೆ ಬಿಡುತ್ತದೆ. ಹಳೆ ಬಜೆಟ್ ಗಿಟಾರಿನ ಜ್ಯಾಕ್ ತೀರಾ ಸವೆದಿದ್ದರೆ ಹೊಸದೊಂದು ಹಾಕಿಸಿ, ರೇಡಿಯೊ ಟಿವಿ ರಿಪೇರಿ ಮಾಡುವವರು ಯಾರಾದರೂ ಕೂತಲ್ಲೇ ಮಾಡಿಕೊಡುತ್ತಾರೆ, ಎರಡೇ ಬೆಸುಗೆಯ ಕೆಲಸ.

ವಾಲ್ಯೂಮ್, ಟೋನ್ ತಿರುಗಿಸುವಾಗ ಸದ್ದು ಬಂದರೆ ಆ ಗುಂಡಿಯ ಕೆಳಗಿನ ಪಾಟ್‌ನ ಕಾಲುಗಳ ಮೇಲಿರುವ ಸಣ್ಣ ಸಂದಿಯಿಂದ ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಲ ಚಿಮುಕಿಸಿ, ಈ ಕೊನೆಯಿಂದ ಆ ಕೊನೆಗೆ ಹತ್ತಿಪ್ಪತ್ತು ಸಲ ತಿರುಗಿಸಿ. ಬೈಕಿನ ಚೈನಿಗೆ ಹೊಡೆಯುವ ಸ್ಪ್ರೇ ಇಲ್ಲಿ ಬೇಡ. ಅದರ ಎಣ್ಣೆ ಒಳಗೆ ಕೂತು ಧೂಳು ಹಿಡಿಯುತ್ತದೆ. ಪಿಕಪ್ ಸೆಲೆಕ್ಟರ್ ಸ್ವಿಚ್‌ಗೂ ಇದೇ ಉಪಚಾರ.

ಬ್ರಿಡ್ಜ್ ಮೇಲೆ ತಂತಿ ಒರಗುವ ಸ್ಯಾಡಲ್‌ಗಳನ್ನು ಏರಿಸಿ ಇಳಿಸುವ ಚಿಕ್ಕ ಸ್ಕ್ರೂಗಳು ಬೆವರಿಗೆ, ತೇವಕ್ಕೆ ಬೇಗ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಇವುಗಳಿಗೆ ಹೆಚ್ಚಾಗಿ 1.5 ಮಿ.ಮೀ. ಅಲೆನ್ ಕೀ. ಬಲ ಹಾಕಿದರೆ ಕೀ ಅಥವಾ ಸ್ಕ್ರೂ, ಎರಡರಲ್ಲಿ ಒಂದು ಹಾಳು. ಒಂದೊಂದಕ್ಕೂ ಒಂದು ಹನಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಇಡೀ ರಾತ್ರಿ ಬಿಡಿ, ಬೆಳಗ್ಗೆ ಮೊದಲು ಸ್ವಲ್ಪ ಬಿಗಿ ಮಾಡುವ ಕಡೆಗೆ, ಆಮೇಲೆ ಸಡಿಲ ಮಾಡುವ ಕಡೆಗೆ ಅಂತ ಹಿಂದೆ ಮುಂದೆ ಆಡಿಸಿ. ಬಿಟ್ಟುಕೊಂಡ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ನಮ್ಮಲ್ಲಿ ಬಹಳ ಜನ ತಂತಿಗೂ ಬ್ರಿಡ್ಜಿಗೂ ತೆಂಗಿನ ಎಣ್ಣೆ ಒರೆಸುತ್ತಾರೆ. ಅದು ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಮಡಿಕೇರಿಯ ಮಳೆಗಾಲದಲ್ಲಿ ಬಾಟಲಿಯಿಂದ ಹೊರಗೇ ಬರುವುದಿಲ್ಲ ಅಲ್ವಾ. ಹಚ್ಚಿದ್ದೂ ಕಾಲ ಕಳೆದ ಹಾಗೆ ಅಂಟಾಗಿ ವಾಸನೆ ಬರುತ್ತದೆ.

ತಂತಿ

ಮೂರು ತೆಳು ತಂತಿಗಳು ಬರೀ ಉಕ್ಕಿನವು, ಅವೇ ಮೊದಲು ತುಕ್ಕು ಹಿಡಿಯುವುದು. ಕೋಟಿಂಗ್ ಇರುವ ತಂತಿ ಎರಡು-ಮೂರು ಪಟ್ಟು ದುಬಾರಿ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಲಾಭ ಅನ್ನುವುದು ನನ್ನ ಅಭಿಪ್ರಾಯ. ಮಾಮೂಲಿ ತಂತಿಯೇ ಹಾಕುವುದಾದರೆ ನುಡಿಸಿ ಮುಗಿದ ತಕ್ಷಣ ಒಣ ಹತ್ತಿ ಬಟ್ಟೆಯಿಂದ ಒಂದೊಂದೇ ತಂತಿಯನ್ನು ಸುತ್ತ ಹಿಡಿದು, ಅಡಿಭಾಗವೂ ಸೇರಿ, ಎಳೆದು ಒರೆಸಿ. ತುಕ್ಕು ಶುರುವಾಗುವುದು ಅಡಿಭಾಗದಿಂದ, ಕಣ್ಣಿಗೆ ಕಾಣದ ಕಡೆಯಿಂದ. ಒರೆಸಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಬಟ್ಟೆಗೆ ಒಂದೇ ಹನಿ ಹಾಕಿ ಸವರಿದರೆ ಸಾಕು. ಹೊಸ ತಂತಿಯ ಪ್ಯಾಕೆಟ್ ಒಡೆಯುವುದು ಹಾಕುವ ದಿನವೇ.

ಫ್ರೆಟ್‌ಗಳನ್ನು, ಅಂದರೆ ಫ್ರೆಟ್‌ಬೋರ್ಡಿನ ಅಡ್ಡ ಲೋಹದ ಗೆರೆಗಳನ್ನು, ಉಜ್ಜಲು ನಯವಾದ ಸ್ಟೀಲ್ ವುಲ್ ಬಳಸುವವರು ಪಿಕಪ್‌ಗಳ ಮೇಲೆ ಟೇಪ್ ಅಂಟಿಸಿಯೇ ಉಜ್ಜಿ. ಕಬ್ಬಿಣದ ಪುಡಿ ಅಯಸ್ಕಾಂತಕ್ಕೆ ಅಂಟಿದರೆ ಬಿಡಿಸುವುದು ಕಷ್ಟ, ಅಲ್ಲೇ ತುಕ್ಕಾಗುತ್ತದೆ.

ನೆಕ್ ಹೊಂದಿಸುವುದು

ರೋಸ್‌ವುಡ್ ಫ್ರೆಟ್‌ಬೋರ್ಡ್ ತೇವ ಹೀರಿ ಹಿಗ್ಗುತ್ತದೆ. ಅದರ ಹಿಂದಿನ ನೆಕ್ ಮರಕ್ಕೆ ಬಣ್ಣ ಇರುವುದರಿಂದ ಅಷ್ಟು ಹಿಗ್ಗುವುದಿಲ್ಲ. ಹಾಗಾಗಿ ಜುಲೈ ಹೊತ್ತಿಗೆ ನೆಕ್ ಹಿಂದಕ್ಕೆ ಬಾಗಿ, ಮೊದಲ ಮೂರು-ನಾಲ್ಕು ಫ್ರೆಟ್‌ಗಳಲ್ಲಿ ತಂತಿ ಝಿರ್ ಅಂತ ಬಡಿಯತೊಡಗುತ್ತದೆ. ಫೆಬ್ರವರಿ, ಮಾರ್ಚ್‌ನ ಒಣ ಗಾಳಿಗೆ ಇದು ಉಲ್ಟಾ. ನೆಕ್ ಮುಂದಕ್ಕೆ ಬಾಗಿ ತಂತಿ ಎತ್ತರವಾಗುತ್ತದೆ.

ಅಳೆಯುವುದು ಹೀಗೆ. ಶ್ರುತಿ ಸರಿಯಾಗಿ ಮಾಡಿಕೊಂಡು ಮೊದಲ ಫ್ರೆಟ್‌ಗೆ ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕೇಪೊ ಎಂಬ ಕ್ಲಿಪ್ ಹಾಕಿ, ನೆಕ್ ಬಾಡಿಗೆ ಸೇರುವ ಜಾಗದ ಫ್ರೆಟ್‌ನಲ್ಲಿ ದಪ್ಪ ತಂತಿಯನ್ನು ಒತ್ತಿ ಹಿಡಿಯಿರಿ. ಈಗ ಏಳು-ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು 0.2ರಿಂದ 0.25 ಮಿ.ಮೀ. ಸಂದು ಇರಬೇಕು. ಬೈಕ್ ಮೆಕ್ಯಾನಿಕ್ ಹತ್ತಿರ ಟ್ಯಾಪೆಟ್ ಅಳೆಯುವ ಫೀಲರ್ ಗೇಜ್ ಇರುತ್ತದೆ, ಅದನ್ನೇ ಕೇಳಿ ತನ್ನಿ, ಇದಕ್ಕೂ ಅದೇ ಸಾಧನ. ಸಂದೇ ಇಲ್ಲದಿದ್ದರೆ ಟ್ರಸ್ ರಾಡ್ ಸಡಿಲಿಸಿ, ಅಂದರೆ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ. ಸಂದು ಜಾಸ್ತಿ ಇದ್ದರೆ ಮುಳ್ಳಿನ ದಿಕ್ಕಿಗೆ ಬಿಗಿ ಮಾಡಿ. ಒಂದು ಸಲಕ್ಕೆ ಎಂಟನೇ ಒಂದು ಸುತ್ತು, ಹೆಚ್ಚೆಂದರೆ ಕಾಲು ಸುತ್ತು. ಆಮೇಲೆ ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ. ಮರ ನಿಧಾನಕ್ಕೆ ಸರಿಯುತ್ತದೆ, ನಾವು ಆತುರಪಡಬಾರದು. ಅಲೆನ್ ಕೀ ಅಳತೆ ಕಣ್ಣಂದಾಜಿನಲ್ಲಿ ಬೇಡ, 4 ಮಿ.ಮೀ. ಮತ್ತು 5 ಮಿ.ಮೀ. ಎರಡನ್ನೂ ಇಟ್ಟುಕೊಂಡು ಗಟ್ಟಿಯಾಗಿ ಕೂರುವುದನ್ನೇ ಬಳಸಿ.

ಆಮೇಲೆ ತಂತಿಯ ಎತ್ತರ. 12ನೇ ಫ್ರೆಟ್ ಮೇಲೆ ದಪ್ಪ ತಂತಿಗೆ 2 ಮಿ.ಮೀ., ತೆಳು ತಂತಿಗೆ 1.6 ಮಿ.ಮೀ. ಹಳೆ ಗಿಟಾರಿಗೆ ಹಿತವಾದ ಅಳತೆ. ಇದಕ್ಕಿಂತ ಕೆಳಗೆ ಇಳಿಸಿ ಮಳೆಗಾಲ ಕಳೆಯಲು ನೋಡಬೇಡಿ. ಕೊನೆಗೆ ಸ್ವರದ ಹೊಂದಾಣಿಕೆ: 12ನೇ ಫ್ರೆಟ್ ಒತ್ತಿದಾಗ ಬರುವ ಸ್ವರ ಅಲ್ಲೇ ತಂತಿಯನ್ನು ಒತ್ತದೆ ಬರೀ ತಾಗಿಸಿ ನುಡಿಸಿದ ಹಾರ್ಮೋನಿಕ್‌ಗಿಂತ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಮನೆಯಲ್ಲಿ ಎಲ್ಲಿಡಬೇಕು

ಗಿಟಾರಿಗೆ ಹಿತವಾದ ತೇವಾಂಶ ಶೇ 45ರಿಂದ 55. ನಮ್ಮಲ್ಲಿ ಜುಲೈನಲ್ಲಿ ಕಿಟಕಿ ತೆರೆದರೆ ಮೋಡವೇ ಒಳಗೆ ಬರುತ್ತದೆ, ಗಾಳಿಯಲ್ಲಿ ಶೇ 90ರ ಆಸುಪಾಸು ತೇವ. ಆ ಅಂಕಿ ಮುಟ್ಟಲು ಹೋಗಬೇಡಿ, 65ಕ್ಕೆ ಇಳಿಸಿದರೂ ಬಜೆಟ್ ಗಿಟಾರಿಗೆ ಸಾಕು.

ಇದಕ್ಕೆ ಸುಲಭ ದಾರಿ ಸ್ವಲ್ಪ ಬಿಸಿ. 20 ಡಿಗ್ರಿಯಲ್ಲಿ ಶೇ 90 ತೇವಾಂಶ ಇರುವ ಗಾಳಿಯನ್ನು 25 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ ಶೇ 66ರ ಹತ್ತಿರ ಇಳಿಯುತ್ತದೆ. ಹಳೆಯ ಮನೆಗಳಲ್ಲಿ ಬೀರುವಿನೊಳಗೆ ಸಣ್ಣ ಬಲ್ಬ್ ಉರಿಸುತ್ತಿದ್ದುದು ಇದಕ್ಕೇ. ಹಳೆ ಕಾಲದ ತಂತಿ ಬಲ್ಬ್ ಮಾತ್ರ ಬಿಸಿ ಕೊಡುತ್ತದೆ, ಎಲ್‌ಇಡಿಯಿಂದ ಪ್ರಯೋಜನವಿಲ್ಲ. ಬಟ್ಟೆಗೆ, ಬ್ಯಾಗಿಗೆ ತಾಗದ ಹಾಗೆ ಬಲ್ಬಿಗೆ ಜಾಲರಿ ಇರಲಿ, ಮನೆಯಲ್ಲಿ ಯಾರೂ ಇಲ್ಲದಾಗ ಉರಿಸಬೇಡಿ. ಅಡುಗೆ ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಕಾಳುಮೆಣಸಿಗೆ ಅದು ಸರಿ, ಗಿಟಾರಿಗೆ ಬೇಡ. ಹೊಗೆಯ ಮಸಿ ಫ್ರೆಟ್‌ಬೋರ್ಡಿನೊಳಗೆ ಇಳಿಯುತ್ತದೆ, ಒಂದೇ ಕಡೆಯಿಂದ ಬರುವ ಬಿಸಿಗೆ ನೆಕ್ ತಿರುಚಿಕೊಳ್ಳುತ್ತದೆ. ಹೊರಗೋಡೆಗೆ ಒರಗಿಸಿಯೂ ಇಡಬೇಡಿ, ಮಳೆ ಬಡಿಯುವ ಗೋಡೆ ಒಳಗೂ ತಣ್ಣಗೆ, ಹಸಿಯಾಗಿ ಇರುತ್ತದೆ. ಮಧ್ಯದ ಕೋಣೆಯ ಒಳಗೋಡೆ ಒಳ್ಳೆಯ ಜಾಗ.

ಸಿಲಿಕಾ ಜೆಲ್ ಬಗ್ಗೆ ಒಂದು ಮಾತು. ಬಟ್ಟೆಯ ಬ್ಯಾಗಿನಲ್ಲಿ ನಾಲ್ಕು ಪುಟ್ಟ ಪೊಟ್ಟಣ ಹಾಕಿದರೆ ಏನೂ ಆಗುವುದಿಲ್ಲ, ಗಾಳಿ ಆಚೀಚೆ ಓಡಾಡುತ್ತಿರುತ್ತದೆ. ಗಟ್ಟಿ ಕೇಸ್ ಅಥವಾ ಬಿಗಿಯಾಗಿ ಮುಚ್ಚುವ ಬೀರು ಇದ್ದರೆ ಅರ್ಧ ಕಿಲೋ ಇಡಿ, ಆಗ ಕೆಲಸ ಮಾಡುತ್ತದೆ. ಬಣ್ಣ ಬದಲಿಸುವ ಹರಳು ತಗೊಂಡರೆ ಯಾವಾಗ ಒಣಗಿಸಬೇಕು ಅಂತ ಕಾಣುತ್ತದೆ. ನೀಲಿ ಹರಳು ತೇವ ಹೀರಿದಾಗ ಗುಲಾಬಿಯಾಗುತ್ತದೆ, ಆದರೆ ಅದರಲ್ಲಿ ಕೋಬಾಲ್ಟ್ ಇರುತ್ತದೆ, ವಿಷ. ಕೇಸರಿ ಬಣ್ಣದ್ದು ಸಿಕ್ಕರೆ ಅದೇ ಇರಲಿ. ಒಣಗಿಸಲು ಅಡುಗೆಗೆ ಬಳಸದ ಒಂದು ಹಳೆ ಬಾಣಲೆ ಬೇರೆ ಇಡಿ, ಸಣ್ಣ ಉರಿ ಸಾಕು, ಕಿಟಕಿ ತೆರೆದಿರಲಿ.

ಅಗ್ಗದ ತೇವಾಂಶ ಮಾಪಕ ಕೊಂಡರೆ ನಂಬುವ ಮೊದಲು ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಉಪ್ಪು ಒದ್ದೆಯಾಗುವಷ್ಟು ಮಾತ್ರ ನೀರು ಬಿಡಿ, ಕರಗಿಹೋಗಬಾರದು. ಮುಚ್ಚಳವನ್ನೂ ಮಾಪಕವನ್ನೂ ಒಂದೇ ಜಿಪ್ ಕವರಿನಲ್ಲಿ ಹಾಕಿ ಮುಚ್ಚಿ ರಾತ್ರಿ ಬಿಡಿ. ಬೆಳಗ್ಗೆ ಶೇ 75 ತೋರಿಸಬೇಕು. 70 ತೋರಿಸಿದರೆ ಇನ್ನು ಮುಂದೆ 5 ಸೇರಿಸಿ ಓದಿಕೊಳ್ಳಿ.

ದಾರಿ: ಬ್ಯಾಗ್, ಬೈಕ್, ಬಸ್

ಬಟ್ಟೆಯ ಗಿಟಾರ್ ಬ್ಯಾಗಿಗೆ ನೀರು ನುಗ್ಗುವುದು ಜಿಪ್ಪಿನಿಂದ, ಹೊಲಿಗೆಯಿಂದ, ಮತ್ತೆ ಕೆಳಗಿನ ಮೂಲೆಯಿಂದ. ಜಿಪ್ಪಿನ ಹಲ್ಲುಗಳಿಗೆ ಮೇಣದಬತ್ತಿ ಉಜ್ಜಿದರೆ ತುಂತುರಿಗೆ ತಡೆಯುತ್ತದೆ, ನಮ್ಮ ಮಳೆಗೆ ಸಾಲದು. ಮೇಲೊಂದು ಹೊದಿಕೆ ಬೇಕೇ ಬೇಕು. ಬ್ಯಾಗನ್ನು ಪೂರ್ತಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಗಂಟು ಹಾಕುವುದು ತಪ್ಪು ದಾರಿ. ಒಳಗಿನ ತೇವ ಹೊರಗೆ ಹೋಗುವುದಿಲ್ಲ, ಸೇರಿದ ನೀರು ತಳದಲ್ಲೇ ನಿಲ್ಲುತ್ತದೆ. ಗದ್ದೆ ಕೆಲಸಕ್ಕೆ ಹಾಕಿಕೊಳ್ಳುತ್ತಿದ್ದ ಗೊರಬೆಯ ಹಾಗೆ ಇರಬೇಕು: ಮೇಲಿನಿಂದ ಮುಚ್ಚಿ, ಬೆನ್ನು ಇಳಿದು, ಕೆಳಗೆ ತೆರೆದೇ ಇರಬೇಕು.

ಕಾಫಿ ಒಣಗಿಸುವ ಟಾರ್ಪಾಲಿನ ಉಳಿದ ತುಂಡು ಇದ್ದರೆ ಅದೇ ಸಾಕು. ಬ್ಯಾಗನ್ನು ಮಲಗಿಸಿ, ಸುತ್ತ ನಾಲ್ಕು ಬೆರಳು ಜಾಸ್ತಿ ಬಿಟ್ಟು ಎರಡು ತುಂಡು ಕತ್ತರಿಸಿ, ತಲೆಯ ಕಡೆ ಮತ್ತು ಎರಡು ಪಕ್ಕ ಹೊಲಿಸಿ, ತಳ ಬಿಟ್ಟುಬಿಡಿ. ರೈನ್‌ಕೋಟ್, ಕೊಡೆ ರಿಪೇರಿ ಮಾಡುವವರು ಇದನ್ನು ಚೆನ್ನಾಗಿ ಹೊಲಿದುಕೊಡುತ್ತಾರೆ. ಹೊಲಿಗೆಯ ಮೇಲೆ ಟೇಪ್ ಅಂಟಿಸಿ, ಸೂಜಿಯ ತೂತಿನಲ್ಲೂ ನೀರು ಇಳಿಯುತ್ತದೆ. ಭುಜದ ಪಟ್ಟಿ ಹೊರಬರಲು ಬೆನ್ನ ಕಡೆ ಎರಡು ಸೀಳು, ಅದರ ಮೇಲೆ ಒಂದು ಜೋಲುವ ಮುಚ್ಚು. ಕೆಳಗೆ ಎರಡು ದಾರ ಕಟ್ಟಿಕೊಂಡರೆ ಗಾಳಿಗೆ ಹಾರುವುದಿಲ್ಲ. ಬ್ಯಾಗಿನ ತಳಕ್ಕೆ ಹಳೆ ಹವಾಯಿ ಚಪ್ಪಲಿಯ ಅಟ್ಟೆ ಎರಡು ತುಂಡು ಅಂಟಿಸಿ. ಬಸ್ಸಿನ ಒದ್ದೆ ನೆಲದ ಮೇಲೆ ಇಟ್ಟಾಗ ಬ್ಯಾಗು ನೀರು ಹೀರುವುದು ಇದರಿಂದ ನಿಲ್ಲುತ್ತದೆ.

ಒಳಗೆ ಗಿಟಾರನ್ನು ಹಳೆ ಬೈರಾಸಿನಲ್ಲಿ, ಅಂದರೆ ಟವೆಲಿನಲ್ಲಿ, ಸುತ್ತಿ. ಇನ್ನೊಂದು ಬೈರಾಸು ಮಡಿಸಿ ನೆಕ್‌ನ ಕೆಳಗೆ, ಹೆಡ್‌ಸ್ಟಾಕ್‌ಗಿಂತ ಸ್ವಲ್ಪ ಹಿಂದೆ ಇಟ್ಟರೆ ಹೆಡ್‌ಸ್ಟಾಕ್ ಎಲ್ಲೂ ತಾಗದೆ ತೇಲುತ್ತದೆ. ಎಪಿಫೋನ್ ತರಹ ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿರುವ ಗಿಟಾರಿಗೆ ಇದು ತುಂಬಾ ಮುಖ್ಯ, ಬಿದ್ದಾಗ ಮುರಿಯುವುದು ಅಲ್ಲೇ. ಕೇಬಲ್ ಬ್ಯಾಗಿನ ಬೇರೆ ಜೇಬಿನಲ್ಲಿರಲಿ, ಜ್ಯಾಕ್‌ಗೆ ಸಿಕ್ಕಿಸಿದ ಹಾಗೆಯೇ ಒಯ್ಯಬೇಡಿ.

ಬೈಕಿನಲ್ಲಿ ಹೋಗುವವರು ಮೊದಲು ರೈನ್‌ಕೋಟ್ ಹಾಕಿ, ಅದರ ಮೇಲೆ ಬ್ಯಾಗ್, ಬ್ಯಾಗಿನ ಮೇಲೆ ಹೊದಿಕೆ. ಎರಡನ್ನೂ ಸೇರಿಸಿ ಮುಚ್ಚುವ ದೊಡ್ಡ ಪೊಂಚೊ ಹಾಕಿಕೊಂಡು ಹೋಗುವವರನ್ನು ನೋಡಿದರೆ ನನಗೆ ಭಯ ಆಗುತ್ತದೆ. ಗಾಳಿಗೆ ಹಾರಿ ಚೈನಿಗೋ ಚಕ್ರಕ್ಕೋ ಸಿಕ್ಕಿದರೆ ಮುಗಿಯಿತು. ಪಟ್ಟಿಗಳನ್ನು ಹೊಂದಿಸಿ ಬ್ಯಾಗಿನ ತಳ ಸೀಟಿಗಿಂತ ಎರಡು ಬೆರಳು ಮೇಲಿರಲಿ. ಸೀಟಿಗೆ ತಾಗಿದ್ದರೆ ಪ್ರತಿ ಗುಂಡಿಗೂ ಬ್ಯಾಗ್ ಎದ್ದು ಹೆಲ್ಮೆಟ್‌ಗೆ ಹೊಡೆಯುತ್ತದೆ. ತಲೆ ಮೇಲೆತ್ತಿ, ಹಿಂದೆ ತಿರುಗಿ ನೋಡಿ, ಹೆಲ್ಮೆಟ್ ಎಲ್ಲೂ ತಡೆಯಬಾರದು. ಹೆಡ್‌ಸ್ಟಾಕ್ ನಿಮ್ಮ ತಲೆಗಿಂತ ಎತ್ತರ ಇರುತ್ತದೆ ಅನ್ನುವುದು ನೆನಪಿರಲಿ, ತೋಟದ ರಸ್ತೆಯಲ್ಲಿ ಬಾಗಿದ ಬಿದಿರು, ಸಿಲ್ವರ್ ಓಕ್ ಕೊಂಬೆಗಳು ಅದಕ್ಕೇ ಬಡಿಯುವುದು. ಹಿಂದೆ ಯಾರನ್ನೂ ಕೂರಿಸಬೇಡಿ.

ಬಸ್ಸಿನಲ್ಲಾದರೆ ಮೇಲಿನ ರ‍್ಯಾಕ್ ಬೇಡ, ಸೋರುತ್ತಿರುತ್ತದೆ, ತಿರುವಿನಲ್ಲಿ ಜಾರುತ್ತದೆ. ಕಿಟಕಿಯಿಂದ ಒಳಗಿನ ಸೀಟಿನಲ್ಲಿ ಕೂತು ಮೊಣಕಾಲುಗಳ ನಡುವೆ ನೆಟ್ಟಗೆ ನಿಲ್ಲಿಸಿಕೊಳ್ಳಿ, ತಂತಿಯ ಮುಖ ನಿಮ್ಮ ಕಡೆಗೆ. ಕಂಡಕ್ಟರಿಗೆ "ಅಣ್ಣ, ಇದು ಒಡೆಯುವ ಸಾಮಾನು" ಅಂತ ಮೊದಲೇ ಹೇಳಿದರೆ ಸೀಟು ನೋಡಿ ಕೊಡುತ್ತಾರೆ, ನಮ್ಮ ಕಡೆ ಆ ಒಳ್ಳೆತನ ಇನ್ನೂ ಇದೆ.

ಹೊರಡುವ ಮುಂಚೆ ದಾರಿ ಕೇಳಿಕೊಳ್ಳಿ. ಭಾಗಮಂಡಲದ ಸಂಗಮ ತುಂಬಿದರೆ ನಾಪೋಕ್ಲು ಕಡೆಯ ರಸ್ತೆಗೆ ನೀರು ಬರುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದು ಓಡಾಟವೇ ನಿಂತದ್ದು ಎಲ್ಲರಿಗೂ ನೆನಪಿದೆ. ಸಿದ್ದಾಪುರ, ಸುಂಟಿಕೊಪ್ಪ ಕಡೆಯವರು ಆನೆಯ ಕಾರಣಕ್ಕೆ ಕತ್ತಲಾಗುವ ಮೊದಲೇ ಮನೆ ಸೇರುವ ಹಾಗೆ ಪ್ರಾಕ್ಟೀಸ್ ಸಮಯ ಇಟ್ಟುಕೊಳ್ಳಬೇಕು. ಮಧ್ಯಾಹ್ನ ಶುರು ಮಾಡಿ, ಸಂಜೆಯ ಹಾಡು ಮುಂದಿನ ವಾರಕ್ಕಿರಲಿ. ಬ್ಯಾಂಡಿನಲ್ಲಿ ಅರ್ಧ ಜನ ಕುಶಾಲನಗರ ಕಡೆಯವರಾದರೆ ಮಳೆಗಾಲಕ್ಕೆ ಪ್ರಾಕ್ಟೀಸನ್ನೇ ಅಲ್ಲಿಗೆ ಸಾಗಿಸಿ, ಮಡಿಕೇರಿಗಿಂತ ಅಲ್ಲಿ ಮಳೆ ಎಷ್ಟೋ ಕಡಿಮೆ.

ತಲುಪಿದ ಮೇಲೆ

ಬ್ಯಾಗ್ ಒಳಗೆ ಒಣಗಿದ್ದರೆ ತಕ್ಷಣ ತೆರೆಯಬೇಡಿ. ಚಳಿಯಿಂದ ಬಂದ ಗಿಟಾರಿನ ಲೋಹಕ್ಕೆ ಬೆಚ್ಚಗಿನ ಕೋಣೆಯ ಗಾಳಿ ತಾಗಿದರೆ ಮಂಜು ಕೂರುತ್ತದೆ, ಪಿಕಪ್ ಮೇಲೆ, ತಂತಿಯ ಮೇಲೆ. ಅರ್ಧ ಗಂಟೆ ಬ್ಯಾಗಿನಲ್ಲೇ ಇರಲಿ, ಅಷ್ಟರಲ್ಲಿ ಕಾಫಿ ಕುಡಿಯಬಹುದು. ಒಳಗೆ ಒದ್ದೆಯಾಗಿದೆ ಅಂತ ಅನುಮಾನ ಬಂದರೆ ಮಾತ್ರ ಕಾಯದೆ ಹೊರಗೆ ತೆಗೆದು ಒರೆಸಿ.

ಗಿಟಾರ್ ಪೂರ್ತಿ ನೆನೆದಿದ್ದರೆ ಆ ದಿನ ಆಂಪ್ಲಿಫಯರಿಗೆ ಸಿಕ್ಕಿಸಲೇಬೇಡಿ. ತಂತಿ ಸಡಿಲಿಸಿ, ಹಿಂದಿನ ಮುಚ್ಚಳ, ಮುಂದಿನ ಪಿಕ್‌ಗಾರ್ಡ್, ಜ್ಯಾಕ್ ಪ್ಲೇಟ್ ಬಿಚ್ಚಿ, ಫ್ಯಾನ್ ಕೆಳಗೆ ನಿಲ್ಲಿಸಿ ಎರಡು-ಮೂರು ದಿನ ಬಿಡಿ. ಒಳಗೆ ಬ್ಯಾಟರಿ ಇರುವ ಗಿಟಾರಾದರೆ ಅದನ್ನು ಮೊದಲು ತೆಗೆಯಿರಿ. ಹೇರ್ ಡ್ರೈಯರ್ ಬಳಸುವುದಾದರೆ ತಣ್ಣನೆ ಗಾಳಿ ಮಾತ್ರ.

ಕರೆಂಟಿನ ವಿಷಯ, ಇದನ್ನು ಬಿಡಬೇಡಿ

ಗಿಟಾರಿನ ತಂತಿಗಳು ಬ್ರಿಡ್ಜ್ ಮೂಲಕ ಆಂಪ್ಲಿಫಯರಿನ ಅರ್ತ್‌ಗೆ ಸೇರಿರುತ್ತವೆ. ಆ ಕೋಣೆಯ ಅರ್ತಿಂಗ್ ಸರಿಯಿಲ್ಲದಿದ್ದರೆ ಆ ತಂತಿಗಳಲ್ಲೇ ಕರೆಂಟ್ ಇರಬಹುದು. ಒಂದು ಕೈ ತಂತಿಯ ಮೇಲೆ, ತುಟಿ ಮೈಕಿಗೆ, ಕಾಲು ಒದ್ದೆ ಸಿಮೆಂಟ್ ನೆಲದ ಮೇಲೆ. ಇದು ಪ್ರಾಣಕ್ಕೇ ಅಪಾಯ. ಆಂಪ್ಲಿಫಯರಿನ ಮೂರು ಪಿನ್ ಪ್ಲಗ್‌ನ ಮೇಲಿನ ಪಿನ್ ಮುರಿದು ಎರಡು ಪಿನ್ ಸಾಕೆಟ್ಟಿಗೆ ತುರುಕುವವರನ್ನು ದಯವಿಟ್ಟು ತಡೆಯಿರಿ. ಪ್ರಾಕ್ಟೀಸ್ ಶುರುವಾಗುವ ಮೊದಲು ಎಲ್ಲ ಆನ್ ಮಾಡಿ, ತಂತಿ ಮುಟ್ಟದೆ, ಟೆಸ್ಟರಿನ ಮೊನೆಯನ್ನು ಗಿಟಾರಿನ ತಂತಿಗೆ, ಆಮೇಲೆ ಮೈಕಿನ ಜಾಲರಿಗೆ ತಾಗಿಸಿ ನೋಡಿ. ಟೆಸ್ಟರ್ ಉರಿದರೆ ಅಲ್ಲಿಗೇ ಎಲ್ಲ ಬಂದ್, ಎಲೆಕ್ಟ್ರಿಷಿಯನ್ ಬರಲಿ. ಉರಿಯದಿದ್ದರೂ ಅರ್ತಿಂಗ್ ಸರಿಯಿದೆ ಅಂತ ಖಚಿತ ಆಗುವುದಿಲ್ಲ, ಮಳೆಗಾಲಕ್ಕೆ ಮೊದಲೊಮ್ಮೆ ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ. ಸದಾ ಸೇರುವ ಜಾಗವಾದರೆ ಎಲ್ಲರೂ ಹಣ ಸೇರಿಸಿ 30 ಮಿಲಿ ಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್, ಹಾಕಿಸಿ. ಕಾಲಡಿಗೆ ಒಣ ರಬ್ಬರ್ ಮ್ಯಾಟ್, ಕಾಲಿಗೆ ಒಣ ಚಪ್ಪಲಿ. ಗುಡುಗು ಹತ್ತಿರ ಬಂದರೆ ಪ್ಲಗ್ ಕಿತ್ತಿಡಿ.

ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನುಡಿಸುವಾಗ ಝೂಂ ಅನ್ನುವ ಸದ್ದು ಬರುವುದು ಗಿಟಾರಿನ ತಪ್ಪಲ್ಲ. ಚೌಕ ಅಲೆಯ ಅಗ್ಗದ ಇನ್ವರ್ಟರ್‌ಗಳ ಗುಣ ಅದು, ಸಿಂಗಲ್ ಕಾಯಿಲ್ ಪಿಕಪ್ ಅದನ್ನು ಚೆನ್ನಾಗಿ ಹಿಡಿಯುತ್ತದೆ. ಹಂಬಕರ್ ಬೇಕು ಅಂದದ್ದು ಇದಕ್ಕೆ. ಬ್ಯಾಟರಿಯಲ್ಲಿ ಓಡುವ ಚಿಕ್ಕ ಆಂಪ್ಲಿಫಯರ್ ಇದ್ದರೆ ಇನ್ನೂ ಒಳ್ಳೆಯದು. ತೋಟದ ಮನೆಗಳಲ್ಲಿ ಇನ್ನೊಂದು ಸದ್ದು ಇದೆ, ಸೆಕೆಂಡಿಗೊಂದು ಟಿಕ್, ಟಿಕ್. ಅದು ಆನೆಗೆ ಹಾಕಿದ ಸೋಲಾರ್ ಬೇಲಿಯ ಮಿಡಿತ. ಮಳೆಯಲ್ಲಿ ಬೆಳೆದ ಕಾಡು ಬೇಲಿಯ ತಂತಿಗೆ ತಾಗಿ ಕಿಡಿ ಹಾರುವಾಗ ಈ ಸದ್ದು ಜೋರಾಗುತ್ತದೆ. ತೋಟದವರಿಗೆ ಹೇಳಿ ಕಾಡು ಸವರಿಸಿ, ಆಂಪ್ಲಿಫಯರನ್ನು ಬೇಲಿಯಿಂದ ದೂರದ ಕೋಣೆಗೆ ಸಾಗಿಸಿ. ಗಿಟಾರಿನ ಒಳಗೂಡಿಗೆ ತಾಮ್ರದ ಟೇಪ್ ಅಂಟಿಸಿ ಅದನ್ನು ಅರ್ತ್ ವೈರಿಗೆ ಬೆಸೆದರೆ ಇಂಥ ಸದ್ದುಗಳು ಎಷ್ಟೋ ತಗ್ಗುತ್ತವೆ.

ಮಳೆ ಬಿಟ್ಟ ಮೇಲೆ

ಸೆಪ್ಟೆಂಬರಿನ ಕೈಲ್‌ಪೊಳ್ದು ಹಬ್ಬ ಕಳೆದು ಬಿಸಿಲು ಕಾಣಿಸಿದ ಮೇಲೂ ಗಿಟಾರನ್ನು ಅಂಗಳದ ಬಿಸಿಲಿಗೆ ಇಡಬೇಡಿ, ನೆರಳಲ್ಲಿ ಗಾಳಿಯಾಡಲಿ. ಬ್ಯಾಗ್ ಮತ್ತು ಹೊದಿಕೆಯನ್ನು ಮಾತ್ರ ಒಳಮೈ ಹೊರಗೆ ತಿರುಗಿಸಿ ಚೆನ್ನಾಗಿ ಒಣಗಿಸಿ. ತಂತಿ ಬದಲಿಸಿ, ನೆಕ್ ಮತ್ತೆ ಅಳೆಯಿರಿ, ಹುತ್ತರಿ ಸುಗ್ಗಿ ಹಬ್ಬದ ಹೊತ್ತಿಗೆ ಇನ್ನೊಮ್ಮೆ ಅಳೆಯಿರಿ. ಫೆಬ್ರವರಿಯಲ್ಲಿ ರೋಸ್‌ವುಡ್ ಒಣಗಿ ಕುಗ್ಗಿ ಫ್ರೆಟ್‌ನ ತುದಿಗಳು ಅಂಗೈಗೆ ಚುಚ್ಚತೊಡಗಿದರೆ ಮೊದಲು ಫ್ರೆಟ್‌ಬೋರ್ಡಿಗೆ ಖನಿಜ ಎಣ್ಣೆ ತೆಳ್ಳಗೆ ಸವರಿ, ಹತ್ತು ನಿಮಿಷ ಬಿಟ್ಟು ಒರೆಸಿ ತೆಗೆಯಿರಿ. ಒಂದೆರಡು ವಾರದ ಮೇಲೂ ಚುಚ್ಚಿದರೆ ನಯವಾದ ಸಣ್ಣ ಅರದಿಂದ, ಮರಕ್ಕೆ ಟೇಪ್ ಅಂಟಿಸಿಕೊಂಡು, ತುದಿಗಳನ್ನು ಓರೆಯಾಗಿ ಉಜ್ಜಿ. ಒಂದು ಸಲ ಉಜ್ಜಿದರೆ ಮುಂದಿನ ಬೇಸಿಗೆಗೂ ಆ ತೊಂದರೆ ಹೆಚ್ಚಾಗಿ ಬರುವುದಿಲ್ಲ.